ಕಿಟಕಿಯಲ್ಲಿದ್ದ ಹಾಲುಹಲ್ಲು

ಹಲ್ಲು ಕಟ್ಟುವ ಕಸುಬಿನವರು ಅಂಗಡಿಯ ಕಿಟಕಿಯಲ್ಲಿ ದೊಡ್ಡವರ ಹಲ್ಲಿನ ಸೆಟ್ಟುಗಳನ್ನು ಇಡುತ್ತಾರೆ. ಹಾದುಹೋಗುವವರಿಗೆ ತಮ್ಮ ಬಾಯಿಯ ನೆನಪಾಗಿ ಒಳಗೆ ಬರಲಿ ಎಂಬ ಲೆಕ್ಕಾಚಾರ. ಬೀದಿಯವರೆಲ್ಲ ಹಲ್ಲಜ್ಜ ಎಂದು ಕರೆಯುತ್ತಿದ್ದ ಮುದುಕನ ಕಿಟಕಿಯಲ್ಲಿ ಮಾತ್ರ ಇದ್ದದ್ದು ಒಂದು ಪುಟಾಣಿ ಸೆಟ್ಟು. ಗುಲಾಬಿ ಬಣ್ಣದ ವಸಡು, ಅದರಲ್ಲಿ ಜೋಳದ ಕಾಳುಗಳ ಹಾಗೆ ಕೂತ ಇಪ್ಪತ್ತು ಹಾಲುಹಲ್ಲು. ಅದು ಯಾರ ಬಾಯಿಗೂ ಹೊಂದುವಂಥದ್ದಲ್ಲ, ಮಾರುವುದಕ್ಕೂ ಇಟ್ಟದ್ದಲ್ಲ. ಮಗಳಿಗೆ ಹಲ್ಲು ಬಿದ್ದಂತೆಲ್ಲ ಎತ್ತಿಟ್ಟುಕೊಂಡು, ಕೊನೆಯದೂ ಬಿದ್ದ ಮೇಲೆ, ಬಾಯಲ್ಲಿ ಇದ್ದ ಸಾಲಿನಲ್ಲೇ ಕೂರಿಸಿ ಅವನು ಅದನ್ನು ಕಟ್ಟಿದ್ದ.

"ಎಲ್ಲಾ ನಿಜವಾದ ಹಲ್ಲು. ಇಪ್ಪತ್ತಕ್ಕೆ ಇಪ್ಪತ್ತೂ ನನ್ನ ಮಗಳದ್ದೇ!" ಎಂದು ಅವನು ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಅಳತೆ ಕೊಡಲು ಬಂದು ಬಾಯಿ ತುಂಬ ಮೇಣ ಕಚ್ಚಿಕೊಂಡು ಕೂತವರು ಎದುರುತ್ತರ ಕೊಡುವ ಹಾಗಿರಲಿಲ್ಲ. ಹಾಗಾಗಿ ಅವನ ಬಡಾಯಿಗೆ ತಡೆಯೇ ಇರಲಿಲ್ಲ.

ಬಡಾಯಿ ಕೊಚ್ಚುವುದಕ್ಕೆ ಕಾರಣವೂ ಇತ್ತೆನ್ನಿ. ಆ ಮಗಳು ಈಗ ಹೆಸರಾಂತ ವಿಷವಿಜ್ಞಾನಿ. ಗಾಳಿಗೆ, ನೀರಿಗೆ, ಮಣ್ಣಿಗೆ ಸೇರಿದ ರಾಸಾಯನಿಕಗಳು ಮನುಷ್ಯರ ಮೈಯೊಳಗೆ ಹೋಗಿ ಏನೇನು ಹಾಳು ಮಾಡುತ್ತವೆ ಎಂದು ಹುಡುಕುವುದು ಅವಳ ಕೆಲಸ. ಅದರಲ್ಲೂ ಸೀಸ. ಸೀಸ ಮಕ್ಕಳ ಮೈಗೆ ಹೊಕ್ಕರೆ ಮೂಳೆಯಲ್ಲಿ, ಹಲ್ಲಿನಲ್ಲಿ ಕೂತುಬಿಡುತ್ತದೆ. ಹಲ್ಲು ಪದರ ಪದರವಾಗಿ ಬೆಳೆಯುವುದರಿಂದ ಯಾವ ವಯಸ್ಸಿನಲ್ಲಿ ಎಷ್ಟು ಸೀಸ ಒಳಗೆ ಬಂತು ಎಂಬುದನ್ನು ಆ ಪದರಗಳಲ್ಲೇ ಓದಬಹುದು. ಅಪ್ಪ ಇದನ್ನು ತನ್ನದೇ ರೀತಿಯಲ್ಲಿ ಹೇಳುತ್ತಿದ್ದ: "ನಾನು ಬಾಯಿಗೆ ಹಲ್ಲು ಹಾಕ್ತೀನಿ, ನನ್ನ ಮಗಳು ಹಲ್ಲಿನ ಬಾಯಿ ಬಿಡಿಸ್ತಾಳೆ."

ಅವಳು ಈಗ ಬಾಯಿ ಬಿಡಿಸುತ್ತಿದ್ದದ್ದು ತಾನು ಹುಟ್ಟಿ ಬೆಳೆದ ಬೀದಿಯ ಮಕ್ಕಳ ಹಲ್ಲುಗಳದ್ದೇ. ಬೀದಿಯ ಹಿಂದೆ, ಹಳೆ ಬ್ಯಾಟರಿಗಳನ್ನು ಕರಗಿಸಿ ಸೀಸ ತೆಗೆಯುವ ಕಾರ್ಖಾನೆ ಇತ್ತು. ಅವಳು ಓದಲೆಂದು ಮನೆ ಬಿಟ್ಟ ಮೇಲೆ ಬಂದದ್ದು. ಅದು ಬಂದ ನಂತರ ಹುಟ್ಟಿದ ಮಕ್ಕಳಿಗೆ ಹೊಟ್ಟೆನೋವು, ರಕ್ತಹೀನತೆ, ಕಲಿತದ್ದು ತಲೆಯಲ್ಲಿ ನಿಲ್ಲದ ಮರೆವು. ಉದುರಿದ ಹಾಲುಹಲ್ಲುಗಳನ್ನು ತಾಯಂದಿರಿಂದ ಬೇಡಿ ತಂದು ನೋಡಿದರೆ, ಒಂದೊಂದರಲ್ಲೂ ಸೀಸ. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಹಲ್ಲಜ್ಜನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬೇಕರಿಯವಳ ಮಗಳ ಹಲ್ಲಿನಲ್ಲಿ. ವಿಷಯ ವಿಚಾರಣಾ ಸಮಿತಿಯ ಮುಂದೆ ಹೋಯಿತು.

ಕಾರ್ಖಾನೆಯ ವಕೀಲರು ಸುಲಭಕ್ಕೆ ಬಗ್ಗುವವರಲ್ಲ. "ಸೀಸ ಇರಬಹುದು. ಆದರೆ ಅದು ನಮ್ಮ ಹೊಗೆಯದ್ದು ಎಂದು ಯಾರು ಹೇಳಿದರು? ಅವೆಲ್ಲ ಹಳೆ ಮನೆಗಳು. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ, ಹಳೆ ಕೊಳಾಯಿಯಲ್ಲೂ ಇರುತ್ತದೆ. ಮಕ್ಕಳಿಗೆ ವಿಷ ಉಣಿಸಿದ್ದು ಅವರವರ ಮನೆಯೇ," ಎಂದುಬಿಟ್ಟರು. ಉದಾಹರಣೆಗೆ ಹೆಸರಿಸಿದ್ದು ಹಲ್ಲಜ್ಜನ ಮಹಡಿಯನ್ನೇ. ಅಲ್ಲಿಯ ಕಿಟಕಿ ಬಾಗಿಲುಗಳ ಹಸಿರು ಬಣ್ಣ ಕೆರೆದು ನೋಡಿದಾಗ ಅಡಿಯ ಪದರದಲ್ಲಿ ನಿಜಕ್ಕೂ ಸೀಸ ಸಿಕ್ಕಿತ್ತು.

ಆ ಹಸಿರು ಬಣ್ಣ ಬಳಿದದ್ದು ಹಲ್ಲಜ್ಜ. ಮಗಳು ಹುಟ್ಟುತ್ತಾಳೆಂದು ಗೊತ್ತಾದಾಗ, ಕೂಲಿಯವರ ಕೈಯಲ್ಲಿ ಬೇಡವೆಂದು, ತಾನೇ ಏಣಿ ಹತ್ತಿ ಬಳಿದದ್ದು.

ಅವತ್ತಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ಬೇಕರಿಯವಳು ಬೆಳಗ್ಗೆ ಎಂದಿನಂತೆ ಬಿಸಿ ಬ್ರೆಡ್ಡು ತಂದುಕೊಟ್ಟು ಬಾಗಿಲಲ್ಲೇ ನಿಂತಳು. ಕಣ್ಣು ಕೆಂಪಾಗಿತ್ತು.

"ಅಣ್ಣಾ, ಒಂದು ಮಾತು ಕೇಳ್ಲಾ? ಮಗು ಆಗಷ್ಟೇ ಹಿಡ್ಕೊಂಡು ನಿಲ್ಲೋವಾಗ ಆ ಕಿಟಕಿ ಹಲಗೆ ಕಚ್ತಿತ್ತು. ಹೊಸ ಹಲ್ಲು ಬರ್ತಾ ಇತ್ತಲ್ಲ, ನವೆ ಇರ್ಬೇಕು ಅಂತ ನಾನು ನಗ್ತಾ ನೋಡ್ತಾ ಕೂತಿದ್ದೆ. ನಾನೇ ಅವಳ ಬಾಯಿಗೆ ವಿಷ ಹಾಕಿದೆನಾ?"

"ನೀನಲ್ಲಮ್ಮ," ಎಂದ ಹಲ್ಲಜ್ಜ. ಹಾಗಿದ್ದರೆ ಯಾರು ಎಂದು ಅವಳು ಕೇಳಲಿಲ್ಲ. ಕೇಳದೆ ಇದ್ದದ್ದೇ ಅವನಿಗೆ ಹೆಚ್ಚು ಚುಚ್ಚಿತು. ಅವಳು ಹೋದ ಮೇಲೆ ಬ್ರೆಡ್ಡು ಹಾಗೇ ತಣ್ಣಗಾಯಿತು.

ಆ ವಾರವೇ ಮಗಳು ಬಂದಳು. ಬಂದವಳು ಒಳಗೆ ಕಾಲಿಡದೆ ಹೊರಗೇ ನಿಂತು ಕಿಟಕಿಯ ಸೆಟ್ಟನ್ನು ದಿಟ್ಟಿಸಿದಳು. ಚಿಕ್ಕಂದಿನಲ್ಲಿ ಆ ಸೆಟ್ಟು ಕಂಡರೆ ಅವಳಿಗೆ ನಾಚಿಕೆ. ಗೆಳತಿಯರೆಲ್ಲ "ನಿನ್ನ ಬಾಯಿ ಅಂಗಡೀಲಿದೆ" ಎಂದು ಆಡಿಕೊಳ್ಳುತ್ತಿದ್ದರು. ಈಗ ಮಾತ್ರ ಹಸಿದವರು ಊಟದ ತಟ್ಟೆ ನೋಡುವಂತೆ ನೋಡುತ್ತಿದ್ದಳು.

"ಅಪ್ಪಾ, ನನಗೆ ಇದರಿಂದ ಒಂದು ಹಲ್ಲು ಬೇಕು."

ಹಲ್ಲಜ್ಜ ಕೈಯಲ್ಲಿದ್ದ ಉಜ್ಜುವ ಚಕ್ರವನ್ನು ನಿಲ್ಲಿಸಿದ. "ಯಾಕೆ?"

"ಅದೇ ಮಹಡಿ, ಅದೇ ಕಿಟಕಿ, ಅದೇ ಬಣ್ಣ, ಅದೇ ನಲ್ಲಿ. ನಾನೂ ಅಲ್ಲೇ ಬೆಳೆದದ್ದು, ಆ ಮಗುವೂ ಅಲ್ಲೇ ಬೆಳೆದದ್ದು. ನಡುವೆ ಬಂದಿರೋದು ಕಾರ್ಖಾನೆ ಒಂದೇ. ನನ್ನ ಹಾಲುಹಲ್ಲಲ್ಲಿ ಸೀಸ ಕಡಿಮೆ ಇದ್ರೆ ಅವರ ವಾದ ಅಲ್ಲಿಗೆ ಮುಗೀತು."

"ಜಾಸ್ತಿ ಇದ್ರೆ?"

ಅವಳು ಅಪ್ಪನ ಮುಖ ನೋಡಿಯೇ ಹೇಳಿದಳು. "ಜಾಸ್ತಿ ಇದ್ರೆ ಅವರು ಹೇಳ್ತಿರೋದೇ ಸರಿ. ಕಾರ್ಖಾನೆ ಬರೋಕೆ ಮುಂಚೇನೇ ಆ ಮನೇಲಿ ವಿಷ ಇತ್ತು ಅಂತ ಬರೀತೀನಿ. ಅಳೆದದ್ದು ಏನೇ ಬರ್ಲಿ, ಸಮಿತಿಗೂ ಕೊಡ್ಬೇಕು, ಅವರ ವಕೀಲರಿಗೂ ಕೊಡ್ಬೇಕು. ಹಲ್ಲು ನನ್ನದೇ ಆದ್ರಿಂದ ಅರ್ಧ ಭಾಗ ಇನ್ನೊಂದು ಪ್ರಯೋಗಾಲಯಕ್ಕೂ ಹೋಗುತ್ತೆ. ಅದು ಯಾರ ಹಲ್ಲು ಅಂತ ಅವರಿಗೆ ಹೇಳಲ್ಲ."

ಅಂದರೆ ತಾನು ಬಳಿದ ಬಣ್ಣ ತನ್ನ ಮಗಳನ್ನೂ, ಬೇಕರಿಯವಳ ಮಗಳನ್ನೂ ತಿಂದಿತೋ ಇಲ್ಲವೋ ಎಂಬುದು ಜಗತ್ತಿಗೇ ಗೊತ್ತಾಗುತ್ತದೆ. ಹಲ್ಲಜ್ಜ ಆದರೂ ಎದ್ದು ಕಿಟಕಿಯ ಬಾಗಿಲು ತೆಗೆದ. ಮಗಳು ಕೇಳಿದ್ದನ್ನು ಕೊಡದೆ ಇದ್ದ ಅಭ್ಯಾಸ ಅವನಿಗಿರಲಿಲ್ಲ.

ಯಾವ ಹಲ್ಲು ಕೊಡುವುದು ಎಂಬುದೇ ದೊಡ್ಡ ಯೋಚನೆಯಾಯಿತು. ಕಡೆಗೆ ಮೇಲುಸಾಲಿನ ಮುಂದಿನ ಹಲ್ಲನ್ನು ಆರಿಸಿದ. ಇಪ್ಪತ್ತರಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿರಲಿಲ್ಲ. ಮುರುಕಿಲ್ಲ, ಕಲೆಯಿಲ್ಲ, ಹಾಲಿನ ಬಿಳುಪು. ಅಷ್ಟು ಜನರ ಮುಂದೆ ಹೋಗುವ ಹಲ್ಲು, ನೋಡಲು ಲಕ್ಷಣವಾಗಿರಲಿ ಎಂದುಕೊಂಡ.

"ಸ್ವಲ್ಪ ಪಾಲಿಶ್ ಮಾಡಿ ಕೊಡ್ಲಾ?"

"ಅಪ್ಪಾ! ಮುಟ್ಟಿದ್ರೆ ನೋಡು!"

ಮಗಳು ಕೈಗವಸು ತೊಟ್ಟು, ಪ್ಲಾಸ್ಟಿಕ್ ಚಿಮುಟದಲ್ಲಿ ಹಿಡಿದು, ತೊಳೆದ ಪುಟ್ಟ ಡಬ್ಬಿಗೆ ಹಾಕಿಕೊಂಡಳು. ಜೊತೆಗೆ ಅಪ್ಪನನ್ನೂ ಕರೆದುಕೊಂಡು ಹೋದಳು. ತಾನು ಕಾಪಾಡಿದ ಹಲ್ಲನ್ನು ಕತ್ತರಿಸುವಾಗ ಅವನು ನೋಡಬೇಕಾದ್ದು ನ್ಯಾಯ ಎಂದು ಅವಳಿಗನ್ನಿಸಿತ್ತು.

ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಡಿಸಿದರು. ನೆಲಕ್ಕೆ ಅಂಟಿನ ಹಾಳೆ ಹಾಸಿತ್ತು, ಅಂಗಾಲಿನ ಧೂಳೂ ಒಳಗೆ ಬರಬಾರದೆಂದು. ತಲೆಗೆ ಟೋಪಿ, ಮೈಗೆ ಬಿಳಿ ನಿಲುವಂಗಿ, ಬಾಯಿಗೆ ಮುಸುಕು. ಒಳಗೆ ಲೋಹದ ಸಾಮಾನೇ ಕಡಿಮೆ; ಬಟ್ಟಲು, ಚಿಮುಟ, ತಟ್ಟೆ ಎಲ್ಲ ಪ್ಲಾಸ್ಟಿಕ್ಕು. ತನ್ನ ಅಂಗಡಿಯ ಸುಣ್ಣದ ಪುಡಿ, ಮೇಣದ ಕಲೆಗಳ ನಡುವೆ ಆಯುಷ್ಯ ಕಳೆದ ಹಲ್ಲಜ್ಜನಿಗೆ ಇಲ್ಲಿ ಸೀನುವುದಕ್ಕೂ ಭಯ. ಆದರೆ ಮಗಳು ಒಳಗೆ ಬಂದಾಗ ಅಲ್ಲಿದ್ದವರೆಲ್ಲ ಎದ್ದು ದಾರಿ ಬಿಟ್ಟದ್ದನ್ನು ಕಂಡು, ಮುಸುಕಿನ ಹಿಂದೆ ಅವನ ಮುಖ ಅರಳಿತು.

ಮೊದಲು ಅವಳು ಹಲ್ಲನ್ನು ಒಂದು ಯಂತ್ರದ ಕಿರಣದ ಕೆಳಗಿಟ್ಟಳು. ಕತ್ತರಿಸುವ ಮುನ್ನ ಮೇಲ್ಮೈಯಲ್ಲಿ ಸೀಸ ಇದೆಯೇ ಎಂದು ತೋರಿಸುವ ಯಂತ್ರ. ಪರದೆಯ ಅಂಕಿ ಏರಿತು. ಏರುತ್ತಲೇ ಹೋಯಿತು. ಮಗಳ ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಇಟ್ಟು ನೋಡಿದಳು, ಮತ್ತೆ ಅದೇ.

"ಏನಮ್ಮ?"

"ಸೀಸ ಇದೆ. ತುಂಬಾ ಇದೆ." ಅವಳು ಪೆನ್ನು ತೆಗೆದು ಅಂಕಿಯನ್ನು ಬರೆದುಕೊಂಡಳು. ಕೈ ಅಲುಗಲಿಲ್ಲ.

"ಬರೀಲೇಬೇಕಾ?"

"ಅಳೆದದ್ದನ್ನ ಬರೀಲೇಬೇಕು ಅಪ್ಪ."

ಹಲ್ಲಜ್ಜನಿಗೆ ಮಹಡಿಯ ಕಿಟಕಿ ನೆನಪಾಯಿತು. ಆ ಕಿಟಕಿಯಲ್ಲಿ ನಿಂತು ಮಗಳಿಗೆ ಬೀದಿ ತೋರಿಸುತ್ತಿದ್ದದ್ದು ತಾನೇ. ಅವಳ ಪುಟ್ಟ ಕೈಗಳು ಆ ಹಸಿರು ಹಲಗೆಯನ್ನು ಹಿಡಿದು, ಆಮೇಲೆ ಬಾಯಿಗೆ ಹೋಗುತ್ತಿದ್ದವು. ಅದನ್ನು ನೋಡಿ ತಾನೂ ನಕ್ಕಿದ್ದ, ಬೇಕರಿಯವಳ ಹಾಗೆಯೇ. "ನಾನೇ ನಿನಗೆ ವಿಷ ಹಾಕಿದೆ ಮಗಳೇ," ಎಂದವನ ಕಣ್ಣಲ್ಲಿ ನೀರು ಇಳಿದು ಮುಸುಕು ಒದ್ದೆಯಾಯಿತು. ಒಂದು ಕಡೆ ಈ ಸಂಕಟ. ಇನ್ನೊಂದು ಕಡೆ, ತನ್ನ ವರ್ಷಗಳ ಸಂಶೋಧನೆಯೇ ಕುಸಿಯುತ್ತಿದ್ದರೂ ಅಂಕಿಯನ್ನು ಅಳಿಸದ ಮಗಳು. ಅವಳನ್ನು ನೋಡಿ ಹೆಮ್ಮೆ ಪಡಬೇಕೋ, ತನ್ನ ತಲೆ ತಾನೇ ಚಚ್ಚಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ.

"ಅಳಬೇಡ, ಇನ್ನೂ ಕತ್ತರಿಸಿಲ್ಲ. ಒಳಗಿನ ಪದರ ಏನು ಹೇಳುತ್ತೋ ನೋಡೋಣ," ಎಂದಳು ಅವಳು. ಸಣ್ಣ ಗರಗಸದಿಂದ ಹಲ್ಲನ್ನು ಸೀಳಿ, ಒಂದು ಭಾಗವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿದಳು. ಬಗ್ಗಿದವಳು ಸುಮಾರು ಹೊತ್ತು ಏಳಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ಬಗ್ಗಿದಳು.

"ಅಪ್ಪಾ, ಇದು ನನ್ನ ಹಲ್ಲಾ?"

"ಮತ್ತೆ ಯಾರದ್ದು? ನಿನ್ನದೇ!"

"ಇದರಲ್ಲಿ ಪದರಾನೇ ಇಲ್ಲ. ಗುಳ್ಳೆ ಇದೆ. ಗಾಜಲ್ಲಿರೋ ಹಾಗೆ ಸಣ್ಣ ಸಣ್ಣ ಗುಳ್ಳೆ. ಹಲ್ಲಲ್ಲಿ ಗುಳ್ಳೆ ಇರಲ್ಲ ಅಪ್ಪ."

"ಏನ್ ಮಾತಾಡ್ತೀಯ! ನನ್ನ ಕೈಯಾರೆ ಕೂರಿಸಿದ್ದು. ಇಪ್ಪತ್ತಕ್ಕೆ ಇಪ್ಪತ್ತೂ..." ಎಂದು ರೇಗುತ್ತಲೇ ಹಲ್ಲಜ್ಜ ತಾನೂ ಬಗ್ಗಿ ನೋಡಿದ.

ಗುಳ್ಳೆಗಳನ್ನು ಅವನು ಗುರುತಿಸಿದ. ಪಿಂಗಾಣಿ ಹಲ್ಲು ಸುಡುವಾಗ ಎಷ್ಟೇ ಜಾಗ್ರತೆ ಮಾಡಿದರೂ ಒಳಗೆ ಉಳಿಯುವ ಗುಳ್ಳೆಗಳು ಅವು. ಅದರ ಬೆನ್ನಿಗೇ, ಹಳೆಯ ಒಂದು ಬೆಳಗು ನೆನಪಿಗೆ ಬಂತು. ಆರು ವರ್ಷದ ಮಗಳು ಬ್ರೆಡ್ಡು ಕಚ್ಚಿ ಕಿರುಚಿಕೊಂಡಿದ್ದಳು. ಮುಂದಿನ ಹಲ್ಲು ಬ್ರೆಡ್ಡಿನ ಜೊತೆ ಹೊಟ್ಟೆಗೆ ಹೋಗಿತ್ತು.

"ನೀನು ಅದನ್ನ ನುಂಗಿಬಿಟ್ಟಿದ್ದೆ," ಎಂದ ಮೆಲ್ಲಗೆ.

"ಏನು?"

"ಹಲ್ಲನ್ನ. ಹಲ್ಲು ಕಟ್ಟುವವನ ಕಿಟಕೀಲಿ ಮುಂದಿನ ಹಲ್ಲೇ ಇಲ್ಲದ ಸೆಟ್ಟು ಇಟ್ರೆ ಯಾರು ಒಳಗೆ ಬರ್ತಾರೆ? ಅದಕ್ಕೆ ಒಂದು ಮಾಡಿದೆ. ನನ್ನ ಹತ್ರ ಇದ್ದ ಪಿಂಗಾಣಿ ಎಲ್ಲಾ ದೊಡ್ಡವರ ಬಣ್ಣ, ಹಳದಿ. ಹಾಲುಹಲ್ಲಿನ ಬಿಳುಪು ಬರ್ಲಿಲ್ಲ. ಪಿಂಗಾಣಿ ತಟ್ಟೆಗೆ ಹೂ ಬರೀತಿದ್ದ ಗೆಳೆಯನೊಬ್ಬ ಇದ್ದ. ಅವನ ಹತ್ರ ಹೊಳಪಿನ ಲೇಪ ಇಸ್ಕೊಂಡು ಬಂದು ಹಚ್ಚಿ ಸುಟ್ಟೆ."

"ಆಗಿನ ಆ ಲೇಪದಲ್ಲಿ ಸೀಸ ಇರ್ತಿತ್ತು!" ಮಗಳು ಹೆಚ್ಚುಕಡಿಮೆ ಕೂಗಿದಳು. "ಅಪ್ಪಾ, ಹತ್ತೊಂಬತ್ತು ನಿಜವಾದ ಹಲ್ಲು ಬಿಟ್ಟು ನೀನು ನನಗೆ ಕೊಟ್ಟಿದ್ದು ಇದೊಂದನ್ನಾ?"

"ಅದೇ ಎಲ್ಲಕ್ಕಿಂತ ಚೆನ್ನಾಗಿತ್ತಲ್ಲಮ್ಮ..."

ಅವಳು ನಗಲು ಶುರು ಮಾಡಿದಳು. ನಿಲುವಂಗಿ, ಟೋಪಿ, ಮುಸುಕು ಎಲ್ಲ ಕುಲುಕುವಂತೆ ನಕ್ಕಳು. ಪಕ್ಕದ ಕೋಣೆಯವರು ಗಾಜಿನಿಂದ ಇಣುಕಿದರು. ಹಲ್ಲಜ್ಜನಿಗೆ ನಾಚಿಕೆಯಿಂದ ನೆಲ ಬಾಯ್ಬಿಡಬಾರದೇ ಎನ್ನಿಸಿತು. ಅಷ್ಟರಲ್ಲೇ ಒಳಗೊಳಗೆ ಇನ್ನೊಂದು ಯೋಚನೆ ಕಚಗುಳಿ ಇಟ್ಟಿತು: ಎಂಥ ಹಲ್ಲು ಮಾಡಿದ್ದೆ ನಾನು! ಜಗತ್ತಿನ ಹಲ್ಲುಗಳನ್ನೆಲ್ಲ ನೋಡಿದ ಮಗಳಿಗೂ ಹೊರಗಿನಿಂದ ತಿಳಿಯಲಿಲ್ಲ. ಮಾಡಿದವನಿಗೇ ಮರೆತುಹೋಗಿತ್ತು. ತೀರಿಕೊಂಡ ಹೆಂಡತಿ ಇದ್ದಿದ್ದರೆ ಅವಳೊಬ್ಬಳೇ ನೆನಪಿಸುತ್ತಿದ್ದಳು. ಅವನು ಬಡಾಯಿ ಕೊಚ್ಚುವಾಗಲೆಲ್ಲ ಅವಳು ಕೆಮ್ಮುತ್ತಿದ್ದದ್ದು ಯಾಕೆಂದು ಈಗ ಅರ್ಥವಾಯಿತು.

ನಗು ನಿಂತ ಮೇಲೆ ಮಗಳು ಗಂಭೀರಳಾದಳು. "ಈ ಅಂಕಿ ವರದೀಲಿ ಉಳಿಯುತ್ತೆ ಅಪ್ಪ. ಮೊದಲ ಮಾದರಿ ಹಲ್ಲಲ್ಲ, ನನ್ನ ತಂದೆ ಮಾಡಿದ ಪಿಂಗಾಣಿ ಅಂತ ಬರೀತೀನಿ. ಅವರ ವಕೀಲರು ಸುಮ್ನೆ ಬಿಡಲ್ಲ. ನೀನು ಸಮಿತಿ ಮುಂದೆ ನಿಂತು ಹೇಳ್ಬೇಕಾಗುತ್ತೆ."

"ಬೀದಿಯವರೆಲ್ಲ ಬರ್ತಾರಾ?"

"ಎಲ್ಲರೂ ಬರ್ತಾರೆ."

ಹಲ್ಲಜ್ಜ ಊರಿಗೆಲ್ಲ ಸಾರಿದ್ದ ಇಪ್ಪತ್ತು ಈಗ ಹತ್ತೊಂಬತ್ತಾಗಬೇಕಿತ್ತು, ಅದೂ ಮೈಕಿನ ಮುಂದೆ. ಆದರೆ ಮಗಳು ಮಾತ್ರ ಅಂಕಿ ಬರೆಯುವಾಗ ಕೈ ಅಲುಗಿಸಿರಲಿಲ್ಲ. ಅಂಥವಳ ಅಪ್ಪ ಎನ್ನಿಸಿಕೊಳ್ಳುವುದು ಬಿಟ್ಟಿ ಸಿಗುವ ಮಾತೇ?

"ಸೆಟ್ಟು ಪೂರ್ತಿ ತಂದುಕೊಡ್ತೀನಿ. ಹತ್ತೊಂಬತ್ತೂ ತಗೋ," ಎಂದ.

ಮಾರನೆಯ ದಿನ ಅದೇ ಕೋಣೆಯಲ್ಲಿ, ಅದೇ ವೇಷದಲ್ಲಿ ಕೂತು, ಮಗಳು ಹೇಳಿದ ಹಾಗೆ ಪ್ಲಾಸ್ಟಿಕ್ ಚಿಮುಟ ಹಿಡಿದು, ತಾನು ಕಟ್ಟಿದ್ದನ್ನು ತಾನೇ ಬಿಚ್ಚಿದ. ವಸಡಿನಿಂದ ಒಂದೊಂದು ಹಲ್ಲು ಕಳಚುವಾಗಲೂ ಅದು ಯಾವಾಗ ಬಿದ್ದದ್ದು, ಅವತ್ತು ಅವಳು ಎಷ್ಟು ರಂಪ ಮಾಡಿದ್ದಳು ಎಂದು ಹೇಳುತ್ತಾ ಹೋದ. ಅವಳು ಅದನ್ನೂ ಬರೆದುಕೊಂಡಳು. ಕೆಲಸಕ್ಕೆ ಬೇಕಾಗಿದ್ದಕ್ಕೋ, ತನಗೆ ಬೇಕಾಗಿದ್ದಕ್ಕೋ ಅವನು ಕೇಳಲಿಲ್ಲ.

ವಿಚಾರಣೆಯ ದಿನ ಸಭಾಂಗಣ ತುಂಬಿತ್ತು. ಗೋಡೆಯ ಮೇಲೆ ಆಳೆತ್ತರಕ್ಕೆ ಮಗಳದೇ ಒಂದು ಹಾಲುಹಲ್ಲಿನ ಚಿತ್ರ ಬಿತ್ತು. ಮರದ ಕಾಂಡದಲ್ಲಿರುವಂತೆ ಪದರದ ಮೇಲೆ ಪದರ. ಮಗಳು ಕೋಲಿನಿಂದ ತೋರಿಸಿದಳು: ಈ ದಪ್ಪ ಗೆರೆ ಮಗು ಹುಟ್ಟಿದ ದಿನದ್ದು, ಇತ್ತ ಇರುವುದು ತಾಯಿಯ ಹೊಟ್ಟೆಯಲ್ಲಿದ್ದಾಗ ಬೆಳೆದದ್ದು, ಅತ್ತ ಇರುವುದು ಆ ಮಹಡಿಯ ಮನೆಯಲ್ಲಿ ಬೆಳೆದದ್ದು. ಪಕ್ಕದಲ್ಲಿ ಬೇಕರಿಯವಳ ಮಗಳ ಹಲ್ಲು. ಎರಡೂ ಪ್ರಯೋಗಾಲಯಗಳ ಅಂಕಿಗಳು ಒಂದೇ ಮಾತು ಹೇಳುತ್ತಿದ್ದವು. ಹಳೆಯ ಹಲ್ಲಿನಲ್ಲಿ ಸೀಸ ಚೂರುಪಾರು. ಹೊಸದರಲ್ಲಿ ಅದರ ಹತ್ತಾರು ಪಟ್ಟು.

ಕಾರ್ಖಾನೆಯ ವಕೀಲರು ಎದ್ದರು. ವರದಿಯ ಮೊದಲ ಮಾದರಿಯ ಮೇಲೆ ಬೆರಳಿಟ್ಟು ಹಲ್ಲಜ್ಜನನ್ನು ಮುಂದೆ ಕರೆಸಿದರು.

"ಇಪ್ಪತ್ತೂ ಅಸಲಿ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರು ನೀವೇ ಅಲ್ಲವೇ?"

"ಹೌದು ಸ್ವಾಮಿ. ಬಡಾಯಿ ಕೊಚ್ಚಿದೆ. ಹತ್ತೊಂಬತ್ತು ಅಸಲಿ, ಒಂದು ನಾನು ಮಾಡಿದ್ದು." ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಲ್ಲಜ್ಜನ ಕಿವಿ ಬಿಸಿಯಾಯಿತು.

"ಮಗಳ ಕಣ್ಣಿಗೇ ಮಣ್ಣೆರಚುವಂಥ ಹಲ್ಲು ಒಂದು ಮಾಡಿದವರು ಹತ್ತೊಂಬತ್ತು ಮಾಡಲಾರಿರೇ?"

ಹಲ್ಲಜ್ಜ ಗೋಡೆಯ ಮೇಲಿದ್ದ ಚಿತ್ರದ ಕಡೆ ತಿರುಗಿದ. ಆ ಪದರಗಳನ್ನು ಕಣ್ತುಂಬ ನೋಡಿದ. "ಸ್ವಾಮಿ, ಹಲ್ಲಿನ ಆಕಾರ ಮಾಡ್ತೀನಿ, ಬಣ್ಣ ಮಾಡ್ತೀನಿ, ಹೊಳಪು ಮಾಡ್ತೀನಿ. ಈ ಪದರ ಮಾಡೋದು ನನ್ನ ಕೈಲಾಗಲ್ಲ. ಅದನ್ನ ಮಾಡಿದವಳು ಇವಳ ತಾಯಿ, ಹೊಟ್ಟೇಲಿಟ್ಕೊಂಡು. ಆ ವಿದ್ಯೆ ನನಗೆ ಬಂದಿದ್ರೆ ಮೇಣ ಕಾಯಿಸ್ಕೊಂಡು ಅಂಗಡೀಲಿ ಯಾಕೆ ಕೂತಿರ್ತಿದ್ದೆ?"

ಸಭೆಯೇ ನಕ್ಕಿತು. ಸಮಿತಿಯ ಅಧ್ಯಕ್ಷೆಯೂ ತಲೆ ತಗ್ಗಿಸಿ ತುಟಿ ಒತ್ತಿ ಹಿಡಿದರು. ವಕೀಲರು ಬೇರೆ ಪ್ರಶ್ನೆ ಇಲ್ಲವೆಂದು ಕೂತರು.

ಆಗ ಬೇಕರಿಯವಳು ಎದ್ದು ನಿಂತಳು. ಮಾತಾಡಲು ಅವಳನ್ನು ಯಾರೂ ಕರೆದಿರಲಿಲ್ಲ. "ಮೇಡಂ, ನನಗೆ ಅಂಕಿ ಅರ್ಥ ಆಗಲ್ಲ. ನನ್ನ ಮಗು ಕಿಟಕಿ ಕಚ್ಚಿದ್ದಕ್ಕೆ ಹೀಗಾಯ್ತಾ, ಇಲ್ವಾ? ಅಷ್ಟು ಹೇಳಿ."

ಮಗಳು ಕೋಲನ್ನು ಕೆಳಗಿಟ್ಟಳು. "ಆ ಕಿಟಕಿ ನಾನೂ ಕಚ್ಚಿದ್ದೀನಿ. ನನ್ನ ಹಲ್ಲಲ್ಲಿರೋ ಚೂರುಪಾರು ಸೀಸದಲ್ಲಿ ಆ ಬಣ್ಣದ ಪಾಲೂ ಇರಬಹುದು, ಅದನ್ನ ಕೆರೆಸಿ ತೆಗೆಸಲೇಬೇಕು. ಆದ್ರೆ ನಿಮ್ಮ ಮಗುಗೆ ಹೀಗಾಗಿದ್ದು ಅದರಿಂದ ಅಲ್ಲ. ನಿಮ್ಮಿಂದಂತೂ ಅಲ್ಲ."

ಬೇಕರಿಯವಳು ಸೆರಗು ಬಾಯಿಗೊತ್ತಿಕೊಂಡು ಕೂತುಬಿಟ್ಟಳು. ಸುತ್ತ ಕೂತಿದ್ದ ತಾಯಂದಿರೆಲ್ಲ ಅಳುತ್ತಿದ್ದರು. ಅವರವರ ಮನೆಯಲ್ಲೂ ಅವರವರು ದೂಷಿಸಿಕೊಂಡ ಕಿಟಕಿಯೋ, ನಲ್ಲಿಯೋ ಇತ್ತು. ಹಲ್ಲಜ್ಜ ತನ್ನ ಮಗಳು ಎಂಬುದನ್ನೂ ಮರೆತು, ಎದ್ದು ನಿಂತು ಅವಳಿಗೆ ಕೈಮುಗಿದ.

ಸಮಿತಿಯ ಆದೇಶದಂತೆ ಕಾರ್ಖಾನೆಯ ಕುಲುಮೆ ನಿಂತಿತು. ಮಕ್ಕಳ ಚಿಕಿತ್ಸೆ ಕಾರ್ಖಾನೆಯ ತಲೆಗೇ ಬಂತು. ಮಹಡಿಯ ಹಸಿರು ಬಣ್ಣವನ್ನು ತಿಳಿದವರು ಬಂದು ಧೂಳು ಹಾರದಂತೆ ಕೆರೆದು ತೆಗೆದರು. ಕೆಲಸ ಮುಗಿಯುವ ತನಕ ಬೇಕರಿಯವಳೂ ಅವಳ ಮಗಳೂ ಕೆಳಗೆ ಹಲ್ಲಜ್ಜನ ಕೋಣೆಯಲ್ಲಿದ್ದರು; ಅವನು ಅಂಗಡಿಯ ಬೆಂಚಿನ ಮೇಲೆ ಮಲಗಿ, ಸೊಂಟ ಹಿಡಿಯಿತೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಕಿಟಕಿಯನ್ನು ಖಾಲಿ ಬಿಡಲು ಮಾತ್ರ ಅವನಿಗೆ ಮನಸ್ಸಾಗಲಿಲ್ಲ. ತೂತು ತೂತಾಗಿ ಉಳಿದಿದ್ದ ಆ ಗುಲಾಬಿ ವಸಡನ್ನೇ ಮತ್ತೆ ಅಲ್ಲಿಟ್ಟ. ಮೇಲುಸಾಲಿನ ಮುಂದೆ, ಸೀಳಿದ ಪಿಂಗಾಣಿ ಹಲ್ಲಿನ ಅರ್ಧ ಭಾಗವನ್ನು ಕೂರಿಸಿದ.

ಹೊಸ ಗಿರಾಕಿಯೊಬ್ಬ ಬಂದು ಗಾಜಿಗೆ ಮೂಗು ಒತ್ತಿ ನೋಡಿದ. "ಇದು ನಿಮ್ಮ ಮಗಳ ಹಲ್ಲಂತೆ, ಹೌದಾ?"

"ಅಲ್ಲ," ಎಂದ ಹಲ್ಲಜ್ಜ, ಬೆನ್ನು ನೆಟ್ಟಗೆ ಮಾಡಿಕೊಂಡು. "ಅದು ನಾನು ಮಾಡಿದ್ದು. ನನ್ನ ಮಗಳ ಹಲ್ಲುಗಳು ಕೆಲಸಕ್ಕೆ ಹೋಗಿವೆ."